ಅಜ್ಜನಿಗೆ ‘ಹೀ’ ಅಂದರೆ ಏಕವಚನವಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಸಂಜೆ ಹೊತ್ತು ನಾಲ್ಕೈದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜನ ಬಗ್ಗೆ ಬರೆದು ತಂದಳು. ‘ಮೈ ಗ್ರ್ಯಾಂಡ್‌ಫಾದರ್ ಈಸ್ ಎ ಫಾರ್ಮರ್. ದೇ ಗೆಟ್ ಅಪ್ ಅಟ್ ಫೈವ್.’ ನಾನು ‘ದೇ’ ಹೊಡೆದುಹಾಕಿ ‘ಹೀ’ ಅಂತ ಬರೆದೆ. ಅಜ್ಜ ಒಬ್ಬರೇ ಅಲ್ವಾ, ಏಕವಚನ ಹಾಕಬೇಕು ಅಂದೆ. ಅವಳ ಮುಖ ಸಣ್ಣಗಾಯಿತು. ‘ಅಜ್ಜನಿಗೆ ಏಕವಚನದಲ್ಲಿ ಮಾತಾಡಬಾರದು ಅಂತ ಅಮ್ಮ ಹೇಳಿದ್ದಾರೆ’ ಅಂದಳು.

ನನಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ತಪ್ಪು ಅವಳದ್ದಲ್ಲ, ನಾನು ಬಳಸಿದ ಪದದ್ದು.

‘ಏಕವಚನ’ಕ್ಕೆ ನಮ್ಮಲ್ಲಿ ಎರಡು ಅರ್ಥ ಇದೆ. ವ್ಯಾಕರಣದಲ್ಲಿ ಅದು ಎಣಿಕೆ: ಒಂದು, ಇಲ್ಲವೇ ಒಬ್ಬ. ಬಾಯಿಮಾತಲ್ಲಿ ಅದು ಮರ್ಯಾದೆ ಬಿಟ್ಟು ಮಾತಾಡುವುದು. ‘ಅಷ್ಟು ದೊಡ್ಡವರಿಗೆ ಏಕವಚನದಲ್ಲಿ ಮಾತಾಡಿದ’ ಅಂದರೆ ಯಾರೂ ಎಣಿಕೆಯ ಬಗ್ಗೆ ಯೋಚಿಸುವುದಿಲ್ಲ. ಮಗುವಿಗೆ ಮನೆಯಲ್ಲಿ ಮೊದಲು ಸಿಗುವುದು ಈ ಎರಡನೇ ಅರ್ಥ. ವ್ಯಾಕರಣದ್ದು ಆಮೇಲೆ ಶಾಲೆಯಲ್ಲಿ ಬರುತ್ತದೆ.

ಇದರ ಮೇಲೆ ‘ಹೀ ಅಂದರೆ ಅವನು, ದೇ ಅಂದರೆ ಅವರು’ ಎಂದು ಬಾಯಿಪಾಠ ಮಾಡಿಸುತ್ತೇವೆ. ನಾನೂ ಹಾಗೇ ಕಲಿತವನು. ಆದರೆ ‘ಹೀ’ ಬರೀ ‘ಅವನು’ ಅಲ್ಲ. ಅವನು, ಇವನು, ಆತ, ಈತ, ಒಬ್ಬರೇ ಗಂಡಸಾದರೆ ಅವರು, ಇವರು ಕೂಡ ಅದರೊಳಗೇ ಬರುತ್ತಾರೆ. ಅದಕ್ಕೆ ಹತ್ತಿರ ದೂರ ಇಲ್ಲ, ಮರ್ಯಾದೆಯ ಹೆಚ್ಚು ಕಡಿಮೆಯೂ ಇಲ್ಲ. ಗಂಡಸಾದರೆ ರಾಷ್ಟ್ರಪತಿಗೂ ‘ಹೀ’, ಪಕ್ಕದ ಮನೆಯ ಪುಟ್ಟನಿಗೂ ‘ಹೀ’.

ನಮ್ಮ ‘ಅವರು’ ಮಾತ್ರ ಎರಡು ಕೆಲಸ ಮಾಡುತ್ತದೆ. ‘ಕೊನೆಗೌಡರು ಬಂದರು’ ಅಂದರೆ ಅಡಿಕೆ ಕೊಯ್ಯಲು ಒಬ್ಬರೇ ಬಂದರೋ ನಾಲ್ಕು ಜನ ಬಂದರೋ, ಮಾತಿನಿಂದ ಗೊತ್ತಾಗುವುದಿಲ್ಲ. ಎಷ್ಟು ಜನಕ್ಕೆ ಊಟ ಅಂತ ಒಳಗಿಂದ ಕೇಳಿದಾಗಲೇ ಲೆಕ್ಕ. ‘ಡಾಕ್ಟರ್ ಬಂದರು’ ಅಂದರೆ ಗಂಡೋ ಹೆಣ್ಣೋ ಅದೂ ತಿಳಿಯುವುದಿಲ್ಲ. ಇಂಗ್ಲಿಷಿಗೆ ತರುವಾಗ ಇದನ್ನೆಲ್ಲ ಮೊದಲೇ ತೀರ್ಮಾನ ಮಾಡಬೇಕು. ಹುಡುಗಿ ‘ಗೆಟ್ಸ್’ ಅನ್ನದೆ ‘ಗೆಟ್’ ಅಂತಲೇ ಬರೆದಿದ್ದಳು ನೋಡಿ. ‘ಅಜ್ಜ ಏಳ್ತಾರೆ’ ಅನ್ನುವುದನ್ನು ಸರಿಯಾಗಿಯೇ ದಾಟಿಸಿದ್ದಳು.

ಒಬ್ಬರಿಗೆ ‘ದೇ’ ಬಳಸುವುದು ಈಗ ಸರಿ ಅಲ್ವಾ ಅಂತ ಕೆಲವರು ಕೇಳಬಹುದು. ಹೌದು, ಸರಿ. ಅದು ಹೊಸದೂ ಅಲ್ಲ, 14ನೇ ಶತಮಾನದಿಂದಲೇ ಇಂಗ್ಲಿಷಿನಲ್ಲಿದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ ‘ದೇ’ಯನ್ನೇ ವರ್ಷದ ಪದ ಎಂದು ಆರಿಸಿದರು. ಆದರೆ ಅದು ಬರುವುದು ಆ ಒಬ್ಬರು ಗಂಡೋ ಹೆಣ್ಣೋ ಗೊತ್ತಿಲ್ಲದಾಗ, ಹೇಳಬೇಕಾಗಿಲ್ಲದಾಗ, ಅಥವಾ ತಮ್ಮನ್ನು ಹಾಗೇ ಕರೆಯಿರಿ ಎಂದು ಅವರೇ ಕೇಳಿದಾಗ. ‘ಬಸ್ಸಲ್ಲಿ ಯಾರೋ ಕೊಡೆ ಬಿಟ್ಟು ಹೋಗಿದ್ದಾರೆ’ ಎಂಬಲ್ಲಿ ‘ದೇ’ ಚೆನ್ನಾಗಿ ಕೂರುತ್ತದೆ. ಅಜ್ಜನ ಮೇಲಿನ ಗೌರವವನ್ನು ಅದು ಹೊರುವುದಿಲ್ಲ.

ಗೌರವಕ್ಕೆ ಬಹುವಚನ ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇತ್ತು, ಆದರೆ ಎದುರಿಗಿರುವವರಿಗೆ. ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ಬರಬರುತ್ತಾ ಎಲ್ಲರಿಗೂ ‘ನೀವು’ ಅನ್ನಲು ಶುರು ಮಾಡಿದರು, ‘ನೀನು’ ಬಳಕೆ ತಪ್ಪಿತು. ಒಬ್ಬರಿಗೂ ‘ಯೂ ಆರ್’ ಅನ್ನುವುದು ಅದಕ್ಕೇ. ಮಕ್ಕಳಿಗೆ ಇದನ್ನು ಹೇಳಿದರೆ ತುಂಬಾ ಖುಷಿಪಡುತ್ತಾರೆ.

ಮರ್ಯಾದೆ ಎಲ್ಲ ಕಡೆ ಒಂದೇ ಪದದಲ್ಲಿ ಕೂತಿರುವುದಿಲ್ಲ ಎನ್ನಲು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರದ ಕಡೆ ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ‘ಅದು’ ಅನ್ನುತ್ತಾರೆ. ‘ಅಕ್ಕ ಬಂತು’ ಎಂಬುದರಲ್ಲಿ ಪ್ರೀತಿ ಇದೆ, ಕೀಳು ಮಾಡುವುದು ಒಂದಿಷ್ಟೂ ಇಲ್ಲ. ಅದನ್ನೇ ‘ಇಟ್’ ಅಂತ ಇಂಗ್ಲಿಷಿಗೆ ತಂದರೆ ಕೆಟ್ಟುಹೋಗುತ್ತದೆ.

ಈಗ ನನ್ನ ಪ್ರಶ್ನೆ. ಸರ್ವನಾಮ ಕಲಿಸುವಾಗ ‘ಏಕವಚನ, ಬಹುವಚನ’ ಬಿಟ್ಟು ‘ಒಬ್ಬರಿಗೆ, ಹಲವರಿಗೆ’ ಅನ್ನಬಹುದಾ? ಈ ವಾರ ಹಾಗೇ ಹೇಳಿ ನೋಡಿದೆ, ಹುಡುಗಿ ತಕರಾರಿಲ್ಲದೆ ‘ಹೀ ಗೆಟ್ಸ್ ಅಪ್’ ಅಂತ ತಿದ್ದಿದಳು. ಆದರೆ ಪರೀಕ್ಷೆಯಲ್ಲಿ ‘ಏಕವಚನ’ ಎಂದೇ ಕೇಳುತ್ತಾರಲ್ಲ, ಆಗ ಗೊಂದಲ ಆಗುತ್ತದಾ? ಇನ್ನೊಂದು: ‘ಏಕವಚನದಲ್ಲಿ ಮಾತಾಡುವುದು’ ಅನ್ನುವುದಕ್ಕೆ ನಿಮ್ಮ ಕಡೆ ಬೇರೆ ಅಚ್ಚ ಮಾತು ಏನಾದರೂ ಇದೆಯಾ? ಪಾಠ ಹೇಳಿ ಅನುಭವ ಇರುವವರು ದಯವಿಟ್ಟು ಬರೆಯಿರಿ.