ಸಹಾಯ ಬೇಕು: ಸ್ವಂತ ಖರ್ಚಿನಲ್ಲಿ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಸಂಬಳದ ಸ್ಲಿಪ್ ಇಲ್ಲ

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ನನ್ನದೇ ಹೊಲಿಗೆ ಅಂಗಡಿ ಇದೆ, ಅಮ್ಮನನ್ನು ಕರೆದುಕೊಂಡು ಮೇ ತಿಂಗಳಲ್ಲಿ ಇಟಲಿ, ಸ್ವಿಟ್ಜರ್ಲೆಂಡ್ ನೋಡಿಬರಬೇಕು ಅಂತ ತುಂಬಾ ಆಸೆ. ಜಾಸ್ತಿ ದಿನ ಇಟಲಿಯಲ್ಲೇ ಇರುವುದರಿಂದ ಅರ್ಜಿ ಇಟಲಿಗೇ ಹಾಕಬೇಕು, ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಇಷ್ಟು ಗೊತ್ತಾಗಿದೆ. ತೊಡಕಿರುವುದು ದುಡ್ಡಿನ ದಾಖಲೆಯಲ್ಲಿ. ಸಂಬಳದ ಸ್ಲಿಪ್, ಆಫೀಸಿನ ರಜೆ ಪತ್ರ ನಾನೆಲ್ಲಿಂದ ತರಲಿ? ಐಟಿ ರಿಟರ್ನ್ಸ್, ಜಿಎಸ್‌ಟಿ ನೋಂದಣಿ ಇದೆ. ಆದರೆ ಉಳಿತಾಯ ಬಹುಪಾಲು ಎಫ್‌ಡಿಯಲ್ಲಿದೆ, ಅಂಗಡಿ ವ್ಯವಹಾರ ಕರೆಂಟ್ ಅಕೌಂಟಿನಲ್ಲಿ, ಎಸ್‌ಬಿ ಖಾತೆಯಲ್ಲಿ ಇರುವುದು ಸ್ವಲ್ಪವೇ. ಮೂರನ್ನೂ ತೋರಿಸಬೇಕಾ? ಈಗ ಎಫ್‌ಡಿ ಮುರಿದು ಖಾತೆಗೆ ಹಾಕಿದರೆ, ದಿಢೀರ್ ಬಂದ ಹಣ ಅಂತ ಅನುಮಾನ ಪಡುತ್ತಾರೆ ಅಲ್ವಾ? ಏಜೆಂಟರು ಸುಮ್ನೆ ಎಲ್ಲಾ ಆಗುತ್ತೆ ಅನ್ನುತ್ತಾರೆ, ನನಗೆ ನಂಬಿಕೆ ಬರುತ್ತಿಲ್ಲ. ಬೆಂಗಳೂರಿನಿಂದ ಅರ್ಜಿ ಹಾಕಿದ ಸ್ವಂತ ವ್ಯಾಪಾರದವರು ದಯವಿಟ್ಟು ಹೇಳಿ. ಅಮ್ಮನ ಖರ್ಚು ನನ್ನದು ಅಂತ ಪತ್ರ ಹೇಗೆ ಬರೆಯಬೇಕು ಅನ್ನುವುದನ್ನೂ ತಿಳಿಸಿ.