ಅಪ್‌ಡೇಟ್: ಲ್ಯಾಬ್ ಸಿದ್ಧವಾಯ್ತು, ಸ್ಕ್ಯಾನರ್ ಪ್ರಶ್ನೆಗೂ ಉತ್ತರ ಸಿಕ್ತು

ಹೊರಗಿನ ಯಾವ ಸಿಸ್ಟಮ್ಮನ್ನೂ ಮುಟ್ಟದೆ ಪೆನೆಟ್ರೇಶನ್ ಟೆಸ್ಟಿಂಗ್ (ಅನುಮತಿ ಪಡೆದು ದಾಳಿ ಮಾಡಿ ದೋಷ ಹುಡುಕೋದು) ಕಲಿಯೋದು ಹೇಗೆ, ದೋಷಗಳನ್ನು ತಾನೇ ಹುಡುಕೋ ಸ್ಕ್ಯಾನರ್ ಇರುವಾಗ ಕೈಯಾರೆ ಪರೀಕ್ಷೆ ಯಾಕೆ ಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಹಾಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಒಂದೇ ಕಂಪ್ಯೂಟರ್ ಒಳಗೆ ಬೇರೆ ಕಂಪ್ಯೂಟರ್‌ಗಳನ್ನು ಓಡಿಸೋ ಸಾಫ್ಟ್‌ವೇರ್) ಪರೀಕ್ಷೆಯ ಸಲಕರಣೆಗಳಿರೋ ಕಾಲಿ ಲಿನಕ್ಸ್, ಅಭ್ಯಾಸಕ್ಕೆಂದೇ ದೋಷಗಳನ್ನಿಟ್ಟು ಮಾಡಿದ ಮೆಟಾಸ್ಪ್ಲಾಯ್ಟಬಲ್ 2 ಎರಡನ್ನೂ ಹೊರಗಿನ ಸಂಪರ್ಕವಿಲ್ಲದ ಹೋಸ್ಟ್-ಓನ್ಲಿ ನೆಟ್‌ವರ್ಕ್‌ಗೆ ಹಾಕಿದೆ. ಕೆಲಸ ಶುರುಮಾಡೋ ಮೊದಲು ಸ್ನ್ಯಾಪ್‌ಶಾಟ್ (ಬೇಕಾದಾಗ ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಪ್ರತಿ) ತೆಗೆದಿಟ್ಟುಕೊಳ್ಳಿ ಅಂದಿದ್ರಲ್ಲ, ಬಹಳ ಉಪಯೋಗಕ್ಕೆ ಬಂತು.

ತೆರೆದ ಪೋರ್ಟ್‌ಗಳನ್ನು ಹುಡುಕೋ ಎನ್‌ಮ್ಯಾಪ್ ಓಡಿಸಿದಾಗ ಮೆಟಾಸ್ಪ್ಲಾಯ್ಟಬಲ್‌ನ ಪೋರ್ಟ್ 21ರಲ್ಲಿ ವಿಎಸ್‌ಎಫ್‌ಟಿಪಿಡಿ 2.3.4 ಅನ್ನೋ ಫೈಲ್ ವರ್ಗಾವಣೆ ಸರ್ವರ್ ಕಾಣಿಸ್ತು. 2011ರಲ್ಲಿ ಇದರ ಡೌನ್‌ಲೋಡ್ ಫೈಲಿಗೇ ಯಾರೋ ಹಿಂಬಾಗಿಲು ಸೇರಿಸಿದ್ದರು. ಯೂಸರ್‌ನೇಮ್‌ನಲ್ಲಿ :) ಇದ್ದರೆ ಸಾಕು, ಪೋರ್ಟ್ 6200ರಲ್ಲಿ ರೂಟ್ ಶೆಲ್ (ಪೂರ್ಣ ಅಧಿಕಾರದ ಕಮಾಂಡ್ ಕಿಂಡಿ) ತೆರೆದುಕೊಳ್ಳುತ್ತೆ. ಈ ದಾಳಿಯನ್ನು ತಾನೇ ಮಾಡಿಕೊಡೋ ಸಿದ್ಧ ಮಾಡ್ಯೂಲ್ ಬಿಟ್ಟು ಟೆಲ್ನೆಟ್‌ನಲ್ಲಿ ನಾನೇ ಟೈಪ್ ಮಾಡಿ ನೋಡಿದೆ. ಇನ್ನೊಂದು ಟರ್ಮಿನಲ್‌ನಲ್ಲಿ 6200ಕ್ಕೆ ಕನೆಕ್ಟ್ ಆಗಿ ಐಡಿ ಕಮಾಂಡ್ ಕೊಟ್ಟರೆ ಯುಐಡಿ 0, ಅಂದರೆ ರೂಟ್! ಒಳಗೆ ಏನು ನಡೀತಿದೆ ಅಂತ ಆಗಲೇ ನಿಜವಾಗಿ ಅರ್ಥ ಆಗಿದ್ದು.

ಸ್ಕ್ಯಾನರ್ ವಿಷಯ. ಅದು ಎಷ್ಟೋ ಕಡೆ ಬ್ಯಾನರ್‌ನ (ಸರ್ವರ್ ತನ್ನ ಬಗ್ಗೆ ಹೇಳಿಕೊಳ್ಳೋ ಸಾಲು) ಆವೃತ್ತಿ ಸಂಖ್ಯೆ ನೋಡಿಯೇ ದೋಷ ಅಂತ ಬರೆಯುತ್ತೆ. ಡೆಬಿಯನ್‌ನಂಥ ಲಿನಕ್ಸ್ ಡಿಸ್ಟ್ರೋಗಳು ಹಳೇ ಆವೃತ್ತಿಗೇ ಪ್ಯಾಚ್ ಹಾಕ್ತವೆ, ಮೂಲ ಸಂಖ್ಯೆ ಹಾಗೇ ಇರುತ್ತೆ, ಡಿಸ್ಟ್ರೋ ಸೇರಿಸಿದ ಕೊನೆಯ ಭಾಗ ಮಾತ್ರ ಬದಲಾಗುತ್ತೆ. ಹಾಗಾಗಿ ವರದಿಯಲ್ಲಿ ಕೆಂಪಗೆ ಕಂಡದ್ದೆಲ್ಲ ದೋಷವಲ್ಲ, ಪ್ಯಾಕೇಜ್‌ನ ಪೂರ್ತಿ ಆವೃತ್ತಿ ನೋಡಲೇಬೇಕು. ನನ್ನ ಪ್ರಕಾರ ಹೊಸಬರಿಗೆ ಮೊದಲು ಹೇಳಬೇಕಾದ ಮಾತೇ ಇದು.

ಈಗ ಅಭ್ಯಾಸಕ್ಕೆಂದೇ ದೋಷಗಳನ್ನಿಟ್ಟ ವೆಬ್ ಆ್ಯಪ್ ಡಿವಿಡಬ್ಲ್ಯುಎಯಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್ ಮೂಲಕ ಡೇಟಾಬೇಸ್‌ಗೆ ಕಮಾಂಡ್ ನುಗ್ಗಿಸೋದು) ಶುರುಮಾಡಿದ್ದೀನಿ. ಪ್ರತಿ ದೋಷಕ್ಕೂ ಪುರಾವೆ, ಪರಿಣಾಮ, ಪರಿಹಾರ ಬರೆದಿಡ್ತಾ ಇದ್ದೀನಿ.