ಜೋಲಿಯಿಂದ ಕಟಕಟೆ ಮಂಚಕ್ಕೆ: ಓದುಗರ ಸ್ಪಂದನ

ಹೋದ ಸಲ ಶಿವಮೊಗ್ಗದ ವಿನೋಬನಗರದಿಂದ ಓದುಗರೊಬ್ಬರು ಬರೆದಿದ್ದರು: “ಮಗಳಿಗೆ ಐದು ತಿಂಗಳು. ಬಾಣಂತನಕ್ಕೆ ಹೊಸನಗರದ ಕಡೆ ತವರಿಗೆ ಹೋಗಿದ್ದೆ. ಅಮ್ಮ ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡಿದ್ದರು. ನಾಲ್ಕು ಸಲ ತೂಗಿದರೆ ಸಾಕು, ನಿದ್ದೆ. ಇಲ್ಲಿನ ಆರ್‌ಸಿಸಿ ಮನೆಯಲ್ಲಿ ಒಂದು ಕೊಕ್ಕೆಯೂ ಇಲ್ಲ. ಕಟಕಟೆ ಇರುವ ಮಕ್ಕಳ ಮಂಚ ತಂದಿದ್ದೇವೆ. ಹೆಗಲ ಮೇಲೆ ಮಲಗಿದವಳು ಹಾಸಿಗೆಗೆ ಬೆನ್ನು ತಾಗಿದ ಕೂಡಲೇ ಕಣ್ಣು ಬಿಡುತ್ತಾಳೆ. ರಾತ್ರಿ ಆರು ಸಲ ಏಳುತ್ತೇನೆ. ಡ್ರಿಲ್ ಮಾಡಿಸಿ ಕೊಕ್ಕೆ ಹಾಕಿಸು ಅಂತ ಅತ್ತೆ. ಅಳಲಿ ಬಿಡು, ಅಭ್ಯಾಸ ಆಗುತ್ತೆ ಅಂತ ಗಂಡ. ನಾನೇನು ಮಾಡಲಿ?”

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಕಥೆ. ಮಗನನ್ನು ಮಲಗಿಸಿ, ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಬಾಗಿಲವರೆಗೆ ಬರುವಷ್ಟರಲ್ಲಿ ಹಿಂದಿನಿಂದ ರಾಗ ಶುರು.

ಮಕ್ಕಳ ನಿದ್ದೆ ನಮ್ಮ ಹಾಗೆ ಉದ್ದಕ್ಕೆ ಹೋಗುವುದಿಲ್ಲ. ಸುಮಾರು ಐವತ್ತು ನಿಮಿಷಕ್ಕೊಮ್ಮೆ ತೆಳುವಾಗುತ್ತದೆ. ಆಗ ಅರ್ಧ ಕಣ್ಣು ಬಿಟ್ಟು ಒಮ್ಮೆ ನೋಡುತ್ತವೆ. ಬೆಂಗಳೂರಿನ ರಾತ್ರಿ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿದವರು ಕಣ್ಣು ಬಿಟ್ಟಾಗ ಕೆಳಗಿನ ಬರ್ತಿನಲ್ಲಿದ್ದರೆ ಬೊಬ್ಬೆ ಹೊಡೆಯುವುದಿಲ್ವಾ? ಹೆಗಲ ಮೇಲೆ ಮಲಗಿ ಕಟಕಟೆಯೊಳಗೆ ಎದ್ದ ಮಗುವಿನ ಪಾಡೂ ಅದೇ. ಹಾಗಾಗಿ ಪೂರ್ತಿ ನಿದ್ದೆ ಹತ್ತಿದ ಮೇಲೆ ಇಳಿಸಬೇಡಿ. ಕಣ್ಣು ಎಳೆಯುತ್ತಿರುವಾಗ, ಇನ್ನೂ ಸ್ವಲ್ಪ ಎಚ್ಚರ ಇರುವಾಗಲೇ ಇಳಿಸಿ.

ಇದನ್ನು ಕೇಳಿದಾಗ ನಾನು, ಹೇಳುವುದು ಸುಲಭ ಅಂದುಕೊಂಡೆ. ಮೊದಲ ರಾತ್ರಿ ಹನ್ನೊಂದು ಸಲ ಎತ್ತಿದೆ. ಲೆಕ್ಕ ಇಟ್ಟಿದ್ದೆ, ಬೇರೆ ಕೆಲಸ ಏನಿತ್ತು? ರಾತ್ರಿಯ ಮೊದಲ ನಿದ್ದೆಯಿಂದಲೇ ಶುರು ಮಾಡಿ. ಹಗಲಿನ ನಿದ್ದೆ ಹಠಮಾರಿ, ಅದನ್ನು ಆಮೇಲೆ ನೋಡಿಕೊಂಡರಾಯಿತು. ನಮ್ಮಲ್ಲಿ ಏಳೂವರೆಗೆ ಬಿಸಿನೀರಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲು ಕುಡಿಸಿ, ಆಮೇಲೆ ದೀಪ ಆರಿಸಿ ಒಂದು ಹಾಡು. ದಿನವೂ ಅದೇ ಹಾಡು. ಹಾಲು ಕಡೆಗೆ ಬರಬಾರದು, ಬಂದರೆ ಎದೆಯಲ್ಲೇ ನಿದ್ದೆ ಹೋಗುತ್ತದೆ.

ಇಳಿಸುವಾಗ ಮೊದಲು ಕುಂಡೆ ತಾಗಲಿ, ಆಮೇಲೆ ಬೆನ್ನು, ಕಡೆಗೆ ತಲೆ. ತಲೆ ಮೊದಲು ಕೆಳಗೆ ಹೋದರೆ ಬಿದ್ದೆ ಅಂದುಕೊಂಡು ಎರಡೂ ಕೈ ಅಗಲಿಸಿ ಬೆಚ್ಚುತ್ತವೆ. ತಲೆಯ ಕೆಳಗಿನ ಕೈ ತೆಗೆದರೂ ಎದೆಯ ಮೇಲಿನ ಕೈ ಸ್ವಲ್ಪ ಹೊತ್ತು ಇರಲಿ. ಇನ್ನೊಂದು ಉಪಾಯ ನನ್ನದೇ. ನನ್ನ ಹಳೆಯ ಕಾಟನ್ ಸೀರೆ ಹರಿದು, ಅಂಚಿಗೆ ಎಲಾಸ್ಟಿಕ್ ಕೊಟ್ಟು ಹಾಸಿಗೆಗೆ ಬಿಗಿಯಾದ ಹೊದಿಕೆ ಹೊಲಿಸಿದೆ. ಎರಡು ರಾತ್ರಿ ನಾನೇ ಅದರ ಮೇಲೆ ಮಲಗಿ ಆಮೇಲೆ ಅವನ ಹಾಸಿಗೆಗೆ ಹಾಕಿದೆ. ನನ್ನ ವಾಸನೆ ಇತ್ತಲ್ಲ, ಮುಖ ಆ ಕಡೆ ತಿರುಗಿಸಿ ಮೂಸುತ್ತಿದ್ದ.

ಎರಡನೇ ವಾರದ ಒಂದು ರಾತ್ರಿ, ಬೀದಿ ದೀಪದ ಬೆಳಕಿಗೆ ಕಟಕಟೆಯ ನೆರಳು ಗೋಡೆಯ ಮೇಲೆ ಬಿದ್ದಿತ್ತು. ಅದನ್ನೇ ನೋಡುತ್ತಾ, ತನ್ನ ಬೆರಳು ತಾನೇ ಹಿಡಿದುಕೊಂಡು ಮಲಗಿಬಿಟ್ಟ. ನಾನು ಕತ್ತಲಲ್ಲಿ ನಿಂತೇ ಇದ್ದೆ, ನಂಬಿಕೆ ಬರಲಿಲ್ಲ. ಮುಂದಿನ ತಿಂಗಳು ನೆಗಡಿ ಬಂತು. ಮತ್ತೆ ಮೊದಲಿಂದ. ಆದರೆ ಎರಡನೇ ಸಲ ಮೂರೇ ದಿನ ಸಾಕಾಯಿತು.

ಅಳಲಿ ಬಿಡು ಅನ್ನುವುದು ನನ್ನಿಂದ ಆಗಲಿಲ್ಲ. ನನ್ನ ಓರಗಿತ್ತಿ ಮೂರು ನಿಮಿಷ, ಐದು ನಿಮಿಷ ಅಂತ ಹೊರಗೆ ಕಾದು ಒಳಗೆ ಹೋಗಿ ಸಮಾಧಾನ ಮಾಡುತ್ತಿದ್ದಳು. ಅವಳಿಗೆ ಅದು ಸರಿಹೋಯಿತು. ಆದರೆ ಐದು ತಿಂಗಳಿಗೆ ರಾತ್ರಿ ಒಂದೆರಡು ಸಲ ನಿಜವಾಗಿಯೂ ಹಸಿವಾಗುತ್ತದೆ. ಆ ಹಾಲು ತಪ್ಪಿಸಬೇಡಿ.

– ಇಬ್ಬರು ಮಕ್ಕಳ ತಾಯಿ, ಸಾಗರ

*

ಮೊದಲು ಕೊಕ್ಕೆಯ ವಿಷಯ. ಬೇಡಮ್ಮ. ಕಣ್ಣೆದುರು ಹತ್ತು ನಿಮಿಷ ಜೋಲಿಯಲ್ಲಿ ಆಡಿಸುವುದು ಬೇರೆ, ರಾತ್ರಿಯಿಡೀ ಅದರಲ್ಲೇ ಬಿಡುವುದು ಬೇರೆ. ಸೀರೆ ಜೋತುಬಿದ್ದು ಮಗುವಿನ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಐದು ತಿಂಗಳೆಂದರೆ ಮಗುಚುವ ವಯಸ್ಸು ಬೇರೆ. ಜೋಲಿಯೊಳಗೆ ಮಗುಚಿದರೆ ಮುಖಕ್ಕೆ ಬಟ್ಟೆಯೇ.

ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ಕೆಲಸಕ್ಕೆ ಸೇರಿದಾಗ ಮಕ್ಕಳನ್ನು ಬೋರಲು ಮಲಗಿಸಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ದಿಢೀರನೆ ತೀರಿಕೊಳ್ಳುವ ಹಸುಗೂಸುಗಳ ಸಂಖ್ಯೆ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಅಜ್ಜಿಯರು ಹೆದರುತ್ತಾರೆ. ಅಂಗಾತ ಇದ್ದಾಗ ಉಸಿರಿನ ನಾಳ ಮೇಲೆ, ಅನ್ನದ ನಾಳ ಕೆಳಗೆ ಇರುತ್ತದೆ. ಕಕ್ಕಿದ್ದು ಸುಲಭಕ್ಕೆ ಮೇಲೆ ಹತ್ತುವುದಿಲ್ಲ. ಎರಡೂ ಕಡೆ ತಾನಾಗೇ ಮಗುಚಲು ಕಲಿತ ಮೇಲೆ ಹೇಗೆ ಹೊರಳಿದರೂ ಬಿಡಿ.

ಹಾಸಿಗೆ ಗಟ್ಟಿಯಾಗಿ, ಮಟ್ಟಸವಾಗಿ ಇರಲಿ. ಮಂಚದೊಳಗೆ ದಿಂಬು, ಗೊಂಬೆ, ಸಡಿಲ ಕಂಬಳಿ ಯಾವುದೂ ಬೇಡ. ತಲೆ ಗುಂಡಗಾಗಲಿ ಅಂತ ಇಡುವ ರಾಗಿ ದಿಂಬು, ಸಾಸಿವೆ ದಿಂಬನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಎಚ್ಚರ ಇರುವಾಗ ನೀವು ಎದುರಿಗೆ ಕೂತು ಬೋರಲು ಹಾಕಿ ಆಡಿಸಿದರೆ ತಲೆಗೂ ಒಳ್ಳೆಯದು, ಕುತ್ತಿಗೆಗೂ ಒಳ್ಳೆಯದು. ಮಂಚ ನಿಮ್ಮ ಕೋಣೆಯಲ್ಲೇ ಇರಲಿ, ಆರು ತಿಂಗಳವರೆಗಂತೂ.

ನಿದ್ದೆಗೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವವರು ನಮ್ಮ ಕಡೆ ಈಗಲೂ ಇದ್ದಾರೆ. ನಮ್ಮ ತೋಟದ್ದೇ ಕಾಯಿ, ಏನಾಗುತ್ತೆ ಅಂತ ಧೈರ್ಯ. ಜಾಸ್ತಿಯಾದರೆ ಅದು ವಿಷ. ಅದರಿಂದ ಬರುವುದು ನಿದ್ದೆ ಅಲ್ಲ, ಮಂಪರು.

ಮಳೆಗಾಲ ಬಂದರೆ ಇನ್ನೊಂದು ಭಯ. ಕೋಣೆ ಬೆಚ್ಚಗಿರಲಿ ಅಂತ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಜುಲೈನಲ್ಲಿ ಬಾಣಂತಿ, ಕೂಸು ಇಬ್ಬರನ್ನೂ ಮೈಮೇಲೆ ಎಚ್ಚರ ಇಲ್ಲದೆ ಜೀಪಿನಲ್ಲಿ ತಂದಿದ್ದರು. ಪುಣ್ಯಕ್ಕೆ ಉಳಿದರು. ಮಗುವಿನ ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಮನೆಯೊಳಗೆ ಮಲಗುವಾಗ ಕುಲಾವಿ ಬೇಡ.

– ನಿವೃತ್ತ ನರ್ಸ್, ತೀರ್ಥಹಳ್ಳಿ

*

ಮಂಚದ ಪಟ್ಟಿಗಳ ನಡುವಿನ ಸಂದು ಅಳೆದಿರಾ? 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಜಾಸ್ತಿಯಿದ್ದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಬಿಡಬೇಡಿ. ಮಗು ಎದ್ದು ಕೂರುವ ಮೊದಲೇ ಹಲಗೆಯನ್ನು ಕೆಳಗಿನ ಮಟ್ಟಕ್ಕೆ ಇಳಿಸಿ. ತಾತನ ಕಾಲದ ಬೀಟೆ ತೊಟ್ಟಿಲು ಇದೆ, ಪಾಲಿಶ್ ಮಾಡಿಕೊಡಿ ಅಂತ ಜನ ತರುತ್ತಾರೆ. ನೋಡಲು ಚೆಂದ. ಸಂದು ಅಳೆದು, ನಾಮಕರಣದ ದಿನ ಮಾತ್ರ ಮಲಗಿಸಿ ಅಂತ ಹೇಳಿ ಕಳಿಸುತ್ತೇನೆ.

– ಮರಗೆಲಸದವನು, ಸೊರಬ

*

ಗಂಡಸರ ಉತ್ತರ ಒಂದಾದರೂ ಇರಲಿ ಅಂತ ಬರೆಯುತ್ತಿದ್ದೇನೆ. ಮೇಡಂ, ಆ ಆರು ಸಲದಲ್ಲಿ ಮೂರನ್ನು ನಿಮ್ಮ ಯಜಮಾನರಿಗೆ ಕೊಡಿ. ಅಮ್ಮ ಹೋದರೆ ಹಾಲಿನ ವಾಸನೆಗೆ ಮಗು ಪೂರ್ತಿ ಎಚ್ಚರ ಆಗುತ್ತದೆ. ನಾನು ಹೋದರೆ ನನ್ನಿಂದ ಏನೂ ಸಿಗಲ್ಲ ಅಂತ ಅದಕ್ಕೇ ಗೊತ್ತು, ಬೇಗ ಮಲಗುತ್ತದೆ. ನಾನು ಎರಡನೇ ಪಾಳಿ ಮುಗಿಸಿ ಮನೆಗೆ ಬರುವಾಗ ಹತ್ತೂವರೆ. ನನ್ನವಳು ಒಂಬತ್ತಕ್ಕೇ ಮಲಗಿ ಎರಡರವರೆಗೆ ನಿದ್ದೆ ಮಾಡುತ್ತಿದ್ದಳು. ಅಷ್ಟಕ್ಕೇ ಮನೆಯಲ್ಲಿ ಜಗಳ ಅರ್ಧ ಕಡಿಮೆ ಆಯಿತು.

ಮಗಳು ಆಗುಂಬೆ ಕಡೆಯ ಮಾವನ ಮನೆಯಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಒಳ್ಳೆ ನಿದ್ದೆ ಮಾಡುತ್ತಿದ್ದಳು. ಭದ್ರಾವತಿಗೆ ಬಂದಮೇಲೆ ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಏಳುತ್ತಿದ್ದಳು. ಮಾವನ ಜಗಲಿಯಲ್ಲಿ ಕೂತು ಮಳೆಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಕೋಣೆಯ ಆ ಮೂಲೆಯಲ್ಲಿಟ್ಟು ಸಣ್ಣಗೆ ಹಾಕಿದರೆ ಸಾಕು. ನಡುವೆ ಒಂದು ಕಡೆ ಮಾವ ಕೆಮ್ಮುವುದೂ ಇದೆ. ಈಗ ಆ ಕೆಮ್ಮು ಬರುವ ಮೊದಲೇ ನನಗೇ ನಿದ್ದೆ.

– ಒಬ್ಬ ಅಪ್ಪ, ಭದ್ರಾವತಿ

*

ಪುಟ್ಟೀ, ಅತ್ತೆ ಮೇಲೆ ಸಿಟ್ಟು ಬೇಡ. ನಾನೂ ನಾಲ್ಕು ಮಕ್ಕಳನ್ನು ಜೋಲಿಯಲ್ಲೇ ಬೆಳೆಸಿದವಳು. ಮಗನ ಮನೆಗೆ ಮೊಮ್ಮಗಳನ್ನು ನೋಡಿಕೊಳ್ಳಲು ಹೋದಾಗ ಅಲ್ಲೂ ಇಂಥದ್ದೇ ಅಲ್ಲಾಡದ ಮಂಚ. ಇದೆಂಥ ತೊಟ್ಟಿಲು, ಕುರಿದೊಡ್ಡಿ ಅಂದುಬಿಟ್ಟೆ. ಸೊಸೆ ಎರಡು ದಿನ ಮಾತಾಡಲಿಲ್ಲ. ಕೂತಲ್ಲೇ ನನ್ನ ಕೈ ತಾನಾಗಿ ತೂಗುತ್ತಿತ್ತು.

ಆಮೇಲೆ ಸೊಸೆಯೇ, ಅತ್ತೆ ನೀವು ಹಾಡಿ ಅಂದಳು. ಮಂಚದ ಪಕ್ಕ ಮಣೆ ಹಾಕಿಕೊಂಡು, ಕಟಕಟೆಯೊಳಗೆ ಕೈ ಹಾಕಿ ಮೆಲ್ಲಗೆ ತಟ್ಟುತ್ತಾ ಜೋಗುಳ ಹೇಳುತ್ತಿದ್ದೆ. ಕೂಸು ನನ್ನ ಬಳೆ ಹಿಡಿದುಕೊಂಡು ನಿದ್ದೆ ಹೋಗುತ್ತಿತ್ತು. ಮೊದಲು ಬಳೆಯೊಳಗಿಂದ ಕೈ ಜಾರಿಸಬೇಕು, ಆಮೇಲೆ ಅದರ ಮುಷ್ಟಿಯಿಂದ ಬಳೆ ಬಿಡಿಸಬೇಕು. ಮಲಗಿಸುವುದಕ್ಕಿಂತ ಅದೇ ದೊಡ್ಡ ಕೆಲಸ.

ನೀನೂ ಅತ್ತೆಗೆ ಹಾಡುವ ಕೆಲಸ ಕೊಡು. ತೂಗುವ ಕೈಯನ್ನು ಖಾಲಿ ಕೂರಿಸಿದರೆ ಬಾಯಿ ಸುಮ್ನಿರುವುದಿಲ್ಲ. ಮತ್ತೆ, ಖಾಲಿ ತೊಟ್ಟಿಲು ಮಾತ್ರ ತೂಗಬಾರದು. ನಿನ್ನ ಮಂಚ ಅಲ್ಲಾಡುವುದೇ ಇಲ್ಲವಲ್ಲ, ಆ ಚಿಂತೆ ತಪ್ಪಿತು.

– ನಾಲ್ವರು ಮೊಮ್ಮಕ್ಕಳ ಅಜ್ಜಿ, ರಿಪ್ಪನ್‌ಪೇಟೆ